ಲಂಕೆ ಚಿಕ್ಕದು, ದಾರಿ ಚಿಕ್ಕದಲ್ಲ

ಪ್ರಶ್ನೆ: ನಾವು ದಾವಣಗೆರೆಯವರು. ನಾನು, ನಮ್ಮ ಯಜಮಾನರು, 12 ಮತ್ತು 7 ವರ್ಷದ ಇಬ್ಬರು ಮಕ್ಕಳು, 68 ವರ್ಷದ ಅತ್ತೆ. ಅತ್ತೆಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಕ್ಕಳ ದಸರಾ ರಜೆಯಲ್ಲಿ ಶ್ರೀಲಂಕಾ ನೋಡಿ ಬರೋಣ ಅಂತಿದ್ದೇವೆ. ನಮ್ಮ ಏಜೆಂಟರು ಏಳು ರಾತ್ರಿಗೆ ಸಿಗಿರಿಯ, ಕ್ಯಾಂಡಿ, ನುವರ ಎಲಿಯ, ‘ಎಲ್ಲಾ’ ಎಂಬ ಊರು, ಯಾಲ ಕಾಡು, ಮಿರಿಸ್ಸ, ಗಾಲ್, ಕೊಲಂಬೊ ಎಲ್ಲವನ್ನೂ ಹಾಕಿ ಕೊಟ್ಟಿದ್ದಾರೆ. "ಲಂಕೆ ಪುಟ್ಟ ದೇಶ, ಆರಾಮಾಗಿ ಆಗುತ್ತೆ, ಅಕ್ಟೋಬರ್ ಹೊತ್ತಿಗೆ ಮಳೆಯೂ ಮುಗಿದಿರುತ್ತೆ" ಅನ್ನುತ್ತಾರೆ. ಪಕ್ಕದ ಮನೆಯವರು "ಅಲ್ಲಿ ಪೆಟ್ರೋಲೇ ಸಿಗಲ್ಲ, ಯಾಕೆ ಹೋಗ್ತೀರಾ" ಅಂತ ಹೆದರಿಸುತ್ತಿದ್ದಾರೆ. ಬೆಟ್ಟ, ಸಮುದ್ರ ಎರಡೂ ಒಂದೇ ವಾರದಲ್ಲಿ ಆಗುತ್ತಾ? ಅತ್ತೆಯನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ಎರಡೂ ಆಗುತ್ತೆ. ಅತ್ತೆಯವರನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ಏಜೆಂಟರು ಕೊಟ್ಟ ಪಟ್ಟಿ ಹಿಡಿದು ಹೋಗಬೇಡಿ. ಆ ತಿಂಗಳ ಬಗ್ಗೆಯೂ ಇನ್ನೊಮ್ಮೆ ಯೋಚಿಸಿ. ಹದಿನೆಂಟು ವರ್ಷಗಳಿಂದ ನಾನು ಕುಟುಂಬಗಳಿಗೆ ಲಂಕೆಯ ಪ್ರವಾಸ ಕಟ್ಟಿಕೊಡುತ್ತಿದ್ದೇನೆ. ಬೇಜಾರಾಗಿ ವಾಪಸ್ ಬಂದವರು ಯಾರೂ ಲಂಕೆಯನ್ನು ಬೈದದ್ದಿಲ್ಲ. "ವ್ಯಾನಿನಲ್ಲೇ ಕೂತಿದ್ವಿ", "ಬರೀ ಮಳೆ" ಎಂಬ ಎರಡೇ ಮಾತು ಹೇಳಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಎರಡಕ್ಕೂ ಜಾಗವಿದೆ.

ಮೊದಲು ಪೆಟ್ರೋಲ್ ಭಯ ಕಳೆಯೋಣ. ಪಕ್ಕದ ಮನೆಯವರು ಹೇಳುತ್ತಿರುವುದು 2022ರ ಕಥೆ. ಆಗ ದೇಶ ಸಾಲ ಕಟ್ಟಲಾಗದೆ ಕೈಚೆಲ್ಲಿತ್ತು. ಬಂಕುಗಳ ಮುಂದೆ ಜನ ದಿನಗಟ್ಟಲೆ ನಿಂತಿದ್ದರು. ಆ ವರ್ಷ ನಾನೇ ನನ್ನ ಕಡೆಯ ಎಲ್ಲಾ ಬುಕಿಂಗ್ ರದ್ದು ಮಾಡಿಸಿದ್ದೆ. ಆಮೇಲೆ ಬಂಕುಗಳು ಮೊದಲಿನಂತಾದವು, ಪ್ರವಾಸಿಗರೂ ತಿರುಗಿ ಬಂದರು. ಅದನ್ನು ನೆನೆದು ಮನೆಯಲ್ಲಿ ಕೂರಬೇಕಾಗಿಲ್ಲ. ಮಲೇರಿಯಾ ಬಗ್ಗೆಯೂ ಜನ ಕೇಳುತ್ತಾರೆ. ಶ್ರೀಲಂಕಾ ಮಲೇರಿಯಾ ಮುಕ್ತ ದೇಶ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಡೆಂಗಿ ಮಾತ್ರ ನಮ್ಮಲ್ಲಿರುವ ಹಾಗೆ ಅಲ್ಲೂ ಇದೆ. ಮಕ್ಕಳಿಗೆ ತುಂಬುತೋಳಿನ ಅಂಗಿ, ಸೊಳ್ಳೆ ಮುಲಾಮು ಇಟ್ಟುಕೊಳ್ಳಿ.

ಈಗ "ಪುಟ್ಟ ದೇಶ" ಅನ್ನುವ ಮಾತಿಗೆ ಬರೋಣ. ನಕಾಶೆ ನೋಡಿದರೆ ನಿಜವೇ. ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಸುಮಾರು ಮೂರನೇ ಒಂದು ಪಾಲು. ಆದರೆ ಆ ದೇಶದ ನಡುಮಧ್ಯ ಒಂದು ದೊಡ್ಡ ಬೆಟ್ಟದ ರಾಶಿ ಕೂತಿದೆ. ಅಲ್ಲಿನ ಅತಿ ಎತ್ತರದ ಶಿಖರ ಪಿದುರುತಲಾಗಲ 2,524 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 600 ಮೀಟರ್ ಜಾಸ್ತಿ. ನಿಮ್ಮ ಪಟ್ಟಿಯ ಊರುಗಳನ್ನು ಮುಟ್ಟಲು ಈ ಬೆಟ್ಟ ಹತ್ತಿ ಇಳಿಯಬೇಕು. ರಸ್ತೆ ಚೆನ್ನಾಗಿದೆ, ಆದರೆ ಎರಡೇ ಗಾಡಿಯ ಅಗಲ. ಪಕ್ಕದಲ್ಲಿ ಬಸ್ಸು, ತ್ರಿಚಕ್ರ, ಶಾಲೆ ಬಿಟ್ಟ ಮಕ್ಕಳು. ಘಾಟಿಯಲ್ಲಿ ಗಂಟೆಗೆ 25–30 ಕಿಲೋಮೀಟರ್ ಹೋದರೆ ಹೆಚ್ಚು. ಕ್ಯಾಂಡಿಯಿಂದ ನುವರ ಎಲಿಯ ಎಂಬತ್ತು ಕಿಲೋಮೀಟರ್ ಒಳಗೇ ಇದೆ. ಆದರೂ ಮೂರು ಗಂಟೆ ಹಿಡಿಯುತ್ತದೆ. ನಮ್ಮ ಆಗುಂಬೆ ಘಾಟಿ ಹತ್ತಾರು ಕಿಲೋಮೀಟರ್ ಮುಗಿಯದೇ ಸಾಗಿದರೆ ಹೇಗಿರುತ್ತೆ, ಹಾಗೆ ಅಂದುಕೊಳ್ಳಿ.

ಏಜೆಂಟರ ಪಟ್ಟಿಯನ್ನು ನಾನು ಕೂತು ಗಂಟೆಗಳಲ್ಲಿ ಲೆಕ್ಕ ಹಾಕಿದೆ. ವಿಮಾನ ನಿಲ್ದಾಣದಿಂದ ಸಿಗಿರಿಯಕ್ಕೆ ನಾಲ್ಕು ಗಂಟೆ. ಅಲ್ಲಿಂದ ಕ್ಯಾಂಡಿಗೆ ಮೂರು. ನುವರ ಎಲಿಯಕ್ಕೆ ಮತ್ತೆ ಮೂರು. ಹೀಗೇ ಕೂಡುತ್ತಾ ಹೋದರೆ ಇಪ್ಪತ್ತು ಗಂಟೆ ದಾಟುತ್ತದೆ. ಊಟಕ್ಕೆ, ಶೌಚಕ್ಕೆ ನಿಲ್ಲಿಸುವುದು ಇದರಲ್ಲಿ ಸೇರಿಲ್ಲ. ಏಳು ರಾತ್ರಿಯಲ್ಲಿ ಆರೇಳು ಸಲ ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು. ಮಂಡಿನೋವಿರುವವರಿಗೆ ನಡೆಯುವುದಕ್ಕಿಂತ ಕಷ್ಟ ಯಾವುದು ಗೊತ್ತಾ? ಕಾಲು ಮಡಿಸಿಕೊಂಡು ಮೂರು ಗಂಟೆ ಕೂತು ಆಮೇಲೆ ಏಳುವುದು. ನಿಮ್ಮ ಏಳು ವರ್ಷದ ಮಗುವಿಗೆ ಹೊಟ್ಟೆ ತೊಳಸುವ ಸ್ವಭಾವ ಇದ್ದರೆ ನುವರ ಎಲಿಯಕ್ಕೆ ಹತ್ತುವ ದಾರಿಯ ರಾಂಬೊಡ ಕಡೆಯ ತಿರುವುಗಳಲ್ಲಿ ಅದು ಹೊರಗೆ ಬಂದೇ ಬರುತ್ತದೆ. ಇನ್ನೊಂದು ವಿಷಯ: ಯಾಲ ಕಾಡಿನ ಮುಖ್ಯ ಭಾಗವನ್ನು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ. ದಸರಾ ರಜೆಗೆ ಯಾಲ ಹಾಕಿ ಕೊಟ್ಟವರು ಇದನ್ನು ನೋಡಿಯೇ ಇಲ್ಲ ಅನಿಸುತ್ತದೆ.

ಹಾಗಾಗಿ ನಾನು ಎಲ್ಲರಿಗೂ ಒಂದೇ ಮಾತು ಹೇಳುವುದು: ಒಂದು ವಾರಕ್ಕೆ ಒಂದು ಬೆಟ್ಟ, ಒಂದು ಕಡಲು. ಯಾವ ಕಡಲು ಅನ್ನುವುದನ್ನು ನೀವು ತೀರ್ಮಾನಿಸುವುದಲ್ಲ, ನಿಮ್ಮ ತಾರೀಖು ತೀರ್ಮಾನಿಸುತ್ತದೆ.

ಇದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಇದೊಂದು ಅರ್ಥವಾದರೆ ಲಂಕೆಯ ಪ್ರವಾಸ ಅರ್ಧ ಗೆದ್ದ ಹಾಗೆ.

ನಮ್ಮ ಸಹ್ಯಾದ್ರಿ ಮಳೆಯನ್ನು ಹೇಗೆ ತಡೆಯುತ್ತದೆ ಅಂತ ನಿಮಗೆ ಗೊತ್ತಲ್ಲ. ಆಗುಂಬೆಯಲ್ಲಿ ಹುಯ್ಯುವಾಗ ನಿಮ್ಮ ದಾವಣಗೆರೆಯಲ್ಲಿ ಬರೀ ಮೋಡ. ಲಂಕೆಯ ಬೆಟ್ಟವೂ ಅದೇ ಕೆಲಸ ಮಾಡುತ್ತದೆ. ವ್ಯತ್ಯಾಸ ಏನೆಂದರೆ ಅದಕ್ಕೆ ಎರಡೂ ಕಡೆಯಿಂದ ಮಳೆ ಬರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆಗಾಳಿ. ಆಗ ಕೊಲಂಬೊ, ಗಾಲ್, ರತ್ನಪುರ, ನುವರ ಎಲಿಯ ನೆನೆಯುತ್ತವೆ. ಕಡಲಿನ ಅಲೆ ಏಳುತ್ತದೆ. ಮಿರಿಸ್ಸದಂಥ ದಕ್ಷಿಣದ ತೀರಗಳಲ್ಲಿ ಕೆಂಪು ಬಾವುಟ ಹಾರುತ್ತಿರುತ್ತದೆ. ಅದೇ ಹೊತ್ತಿಗೆ ಬೆಟ್ಟದ ಆಚೆ, ಪೂರ್ವ ತೀರದ ತ್ರಿಂಕೋಮಲಿ, ಪಾಸಿಕುಡಾ ಒಣಗಿ, ಕಡಲು ಕೆರೆಯ ಹಾಗೆ ಸುಮ್ಮನಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಗೆ ಗಾಳಿ ತಿರುಗುತ್ತದೆ. ಈಶಾನ್ಯದ ಮಳೆ ಪೂರ್ವ ತೀರಕ್ಕೆ ಬರುತ್ತದೆ. ಆಗ ದಕ್ಷಿಣ, ಪಶ್ಚಿಮದ ತೀರಗಳಿಗೆ ಒಳ್ಳೆಯ ದಿನಗಳು.

ಈ ಪಾಠ ನಾನು ಪುಸ್ತಕದಲ್ಲಿ ಕಲಿತದ್ದಲ್ಲ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಕುಟುಂಬವನ್ನು ಜನವರಿಯಲ್ಲಿ ಪಾಸಿಕುಡಾಕ್ಕೆ ಕಳಿಸಿಬಿಟ್ಟೆ. ಹೋಟೆಲ್ ದರ ಅರ್ಧಕ್ಕೆ ಇಳಿದಿತ್ತು. ಅದ್ಯಾಕೆ ಇಳಿದಿದೆ ಅಂತ ಕೇಳಲಿಲ್ಲ. ಮೂರು ದಿನ ಅವರು ವರಾಂಡದಲ್ಲಿ ಕೂತು ಮಳೆ ನೋಡಿದರು. ಮಗು ಪ್ಲಾಸ್ಟಿಕ್ ಬಕೆಟ್ಟು, ಸಲಿಕೆ ಹಿಡಿದು ಬಾಗಿಲಲ್ಲಿ ನಿಂತ ಫೋಟೊ ಕಳಿಸಿದ್ದರು. ಆ ಫೋಟೊ ಇವತ್ತಿಗೂ ನನ್ನ ಬಳಿ ಇದೆ.

ಈ ಎರಡು ಮಳೆಗಾಲಗಳ ನಡುವೆ ಒಂದು ಸಂಧಿಕಾಲವಿದೆ. ಅದೇ ಅಕ್ಟೋಬರ್, ನವೆಂಬರ್. ನಿಮ್ಮ ದಸರಾ ರಜೆ ಸರಿಯಾಗಿ ಇದರ ಬಾಯಿಗೆ ಹೋಗಿ ಬೀಳುತ್ತದೆ. ನಮ್ಮಲ್ಲಿ ಮಳೆ ಕಡಿಮೆಯಾಗುವ ಹೊತ್ತು ಅದು. ಅದಕ್ಕೇ ಅಲ್ಲೂ ಮುಗಿದಿರುತ್ತೆ ಅಂತ ಏಜೆಂಟರು ಅಂದುಕೊಂಡಿದ್ದಾರೆ. ಅಲ್ಲಿ ಹಾಗಲ್ಲ. ಆಗ ಮಳೆ ಒಂದೇ ಕಡೆಯಿಂದ ಬರುವುದಿಲ್ಲ, ದೇಶದ ತುಂಬ ಎಲ್ಲಿ ಬೇಕಾದರೂ ಬರಬಹುದು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆ ಗುಡುಗು ಸಿಡಿಲಿನ ಮಳೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಎರಡು ಮೂರು ದಿನ ಬಿಡದೆ ಸುರಿಯುತ್ತದೆ. ಬೆಟ್ಟದ ಮಣ್ಣು ಅಷ್ಟರಲ್ಲಾಗಲೇ ನೀರು ಕುಡಿದು ಭಾರವಾಗಿರುತ್ತದೆ. ನಮ್ಮ ಕೊಡಗಿನಲ್ಲಿ 2018ರಲ್ಲಿ ಆದದ್ದು ನೆನಪಿದೆಯಲ್ಲ, ಆ ತರಹದ ಕುಸಿತ ಅಲ್ಲೂ ಆಗುತ್ತದೆ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ 600ಕ್ಕೂ ಹೆಚ್ಚು ಜನ ತೀರಿಕೊಂಡರು. ಅದರಲ್ಲಿ ಬೆಟ್ಟದ ಊರುಗಳ ಜನರೇ ಬಹಳ. ರಸ್ತೆ, ಸೇತುವೆ, ರೈಲುಹಳಿ ಕೊಚ್ಚಿ ಹೋದವು. ಪ್ರತಿ ವರ್ಷ ಹೀಗಾಗುವುದಿಲ್ಲ. ಆದರೆ ಮಕ್ಕಳು, ವಯಸ್ಸಾದವರನ್ನು ಕಟ್ಟಿಕೊಂಡು ಆ ಎರಡು ತಿಂಗಳಲ್ಲಿ ಎತ್ತರದ ಬೆಟ್ಟಕ್ಕೆ ಹೋಗಿ ಅಂತ ನಾನು ಹೇಳಲಾರೆ.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿ ಇದೆ?

ದಸರಾ ಬಿಟ್ಟರೆ ಬೇರೆ ರಜೆಯೇ ಇಲ್ಲ ಅನ್ನುವುದಾದರೆ ಹೀಗೆ ಮಾಡಿ. ರಜೆ ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರ್ ಮೊದಲ ವಾರಕ್ಕೆ ಬಂದರೆ ಪೂರ್ವ ತೀರ ಇನ್ನೂ ಬಹುತೇಕ ಚೆನ್ನಾಗಿರುತ್ತದೆ. ಸಿಗಿರಿಯದ ಸುತ್ತಮುತ್ತ ಮೂರು ರಾತ್ರಿ, ತ್ರಿಂಕೋಮಲಿ ಪಕ್ಕದ ನಿಲಾವೆಲಿಯಲ್ಲಿ ಎರಡು, ಕ್ಯಾಂಡಿಯಲ್ಲಿ ಎರಡು. ನುವರ ಎಲಿಯ ಮತ್ತು ‘ಎಲ್ಲಾ’ ಎಂಬ ಊರನ್ನು ಬಿಟ್ಟುಬಿಡಿ. ಕ್ಯಾಂಡಿ ಸುಮಾರು 500 ಮೀಟರ್ ಎತ್ತರದಲ್ಲಿದೆ, ಬೆಟ್ಟದ ಗಾಳಿಗೆ ಅಷ್ಟು ಸಾಕು. ಈ ದಾರಿಯಲ್ಲಿ ಒಂದು ಲಾಭವೂ ಇದೆ. ಮಿನ್ನೇರಿಯ ಅಂತ ಒಂದು ಕೆರೆ, ಮಹಾಸೇನ ರಾಜ ಕಟ್ಟಿಸಿದ್ದು, ಸಾವಿರದ ಏಳುನೂರು ವರ್ಷ ಹಳೆಯದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೀರು ಇಳಿದಂತೆ ಅಂಗಳದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಅದನ್ನು ತಿನ್ನಲು ನೂರಾರು ಆನೆಗಳು ಸೇರುತ್ತವೆ. ಮಳೆ ಹಿಡಿಯುವುದಕ್ಕೆ ಮೊದಲು ಹೋದರೆ ಕಾಣುವ ಸಾಧ್ಯತೆ ಚೆನ್ನಾಗಿದೆ. ರಜೆ ಅಕ್ಟೋಬರ್ ಮಧ್ಯ ದಾಟಿದರೆ ಕಡಲಿನ ಆಸೆ ಬಿಟ್ಟು, ಬರೀ ಸಿಗಿರಿಯ–ಪೊಲೊನ್ನರುವ (ಹಳೆಯ ರಾಜಧಾನಿ)–ಕ್ಯಾಂಡಿ ಐದು ರಾತ್ರಿ ಮುಗಿಸಿ ಬನ್ನಿ. ಎಲ್ಲಾ ಹೋಟೆಲನ್ನೂ ಹಣ ವಾಪಸ್ ಬರುವ ಷರತ್ತಿನಲ್ಲೇ ಹಿಡಿಯಿರಿ. ನೋಡುವ ಕೆಲಸವನ್ನೆಲ್ಲ ಬೆಳಿಗ್ಗೆ ಮುಗಿಸಿ, ಮಧ್ಯಾಹ್ನ ಎರಡರ ಮೇಲೆ ಕೋಣೆಯಲ್ಲಿರಿ.

ಕ್ರಿಸ್‌ಮಸ್ ರಜೆ ಸಿಗುವುದಾದರೆ ದಕ್ಷಿಣ ತೀರ ಚೆನ್ನ. ಆದರೆ ಜಗತ್ತೆಲ್ಲ ಆಗಲೇ ಬರುತ್ತದೆ, ದರ ನೆತ್ತಿಗೇರುತ್ತದೆ. ಒಂದು ಸೂಕ್ಷ್ಮ ಇದೆ. ‘ಎಲ್ಲಾ’ ಎಂಬ ಊರು ಬೆಟ್ಟದ ಪೂರ್ವ ಮಗ್ಗುಲಲ್ಲಿದೆ. ಹಾಗಾಗಿ ಮಿರಿಸ್ಸದಲ್ಲಿ ಬಿಸಿಲು ಕಾಯುವಾಗ ಅಲ್ಲಿ ಮಳೆ ಹಿಡಿದಿರಬಹುದು. ಎಷ್ಟೋ ಪಟ್ಟಿಗಳು ಇವೆರಡನ್ನೂ ಡಿಸೆಂಬರ್‌ಗೆ ಒಟ್ಟಿಗೆ ಕಟ್ಟಿ ಕೊಡುತ್ತವೆ.

ನನ್ನನ್ನೇ ಕೇಳಿದರೆ, ನಿಮ್ಮ ಮನೆಗೆ ಹೊಂದುವುದು ಬೇಸಿಗೆ ರಜೆ. ಏಪ್ರಿಲ್ ಕೊನೆಯ ವಾರದಿಂದ ಮೇ ಹತ್ತರ ಒಳಗೆ. ಆಗ ಪೂರ್ವದ ಕಡಲು ತಿಳಿಯಾಗಿರುತ್ತದೆ, ನೈಋತ್ಯ ಮಳೆಯ ಜೋರು ಇನ್ನೂ ಹತ್ತಿರುವುದಿಲ್ಲ. ಬಯಲಲ್ಲಿ ಸೆಕೆ ಜಾಸ್ತಿ, ಬೆಟ್ಟದಲ್ಲಿ ಸಂಜೆ ಒಂದು ಮಳೆ ಬರಬಹುದು. ದಾವಣಗೆರೆಯ ಮೇ ತಿಂಗಳು ಕಂಡವರಿಗೆ ಆ ಸೆಕೆ ಹೊಸದಲ್ಲ. ಆದರೆ ಏಪ್ರಿಲ್ 13, 14ರ ಸುತ್ತ ಹೋಗಬೇಡಿ. ಅದು ಸಿಂಹಳ ಮತ್ತು ತಮಿಳು ಹೊಸ ವರ್ಷ. ನಮ್ಮ ಯುಗಾದಿಯ ಹಾಗೆ ಎಲ್ಲರೂ ಊರಿಗೆ ಹೋಗುತ್ತಾರೆ. ಅಂಗಡಿ ಮುಚ್ಚಿರುತ್ತವೆ, ಡ್ರೈವರುಗಳು ಸಿಗುವುದಿಲ್ಲ. ಇತ್ತ ನುವರ ಎಲಿಯದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕೊಲಂಬೊದವರೆಲ್ಲ ತಂಪಿಗೆ ಅಲ್ಲಿಗೇ ಏರಿರುತ್ತಾರೆ.

ಬೇಸಿಗೆಗೆ ನಾನು ಕಟ್ಟುವ ದಾರಿ ಇದು. ಸಿಗಿರಿಯದ ಹತ್ತಿರ ಎರಡು ರಾತ್ರಿ, ನಿಲಾವೆಲಿಯಲ್ಲಿ ಎರಡು, ಕ್ಯಾಂಡಿಯಲ್ಲಿ ಒಂದು, ನುವರ ಎಲಿಯದಲ್ಲಿ ಎರಡು. ಕೊನೆಯ ದಿನ ಬೆಟ್ಟ ಇಳಿದು ವಿಮಾನ ನಿಲ್ದಾಣಕ್ಕೆ ಐದು ಗಂಟೆ ಬೇಕು. ಹಾಗಾಗಿ ವಾಪಸ್ ವಿಮಾನ ರಾತ್ರಿಯದೇ ಇರಲಿ. ನಿಲ್ದಾಣ ಇರುವುದು ಕೊಲಂಬೊ ಊರೊಳಗಲ್ಲ, ಅದರ ಉತ್ತರಕ್ಕೆ ಕಟುನಾಯಕದಲ್ಲಿ. ಬೆಂಗಳೂರಿಂದ ಹೋಗುವ ವಿಮಾನ ಸಂಜೆ ಇಳಿಯುವುದಾದರೆ ಮೊದಲ ರಾತ್ರಿ ಪಕ್ಕದ ನೆಗೊಂಬೊದಲ್ಲೇ ಮಲಗಿ, ನಿಲಾವೆಲಿಯ ಒಂದು ರಾತ್ರಿ ಬಿಡಿ. ರಾತ್ರಿಯಲ್ಲಿ ನಾಲ್ಕು ಗಂಟೆ ವ್ಯಾನ್ ಬೇಡ.

ಅತ್ತೆಯವರ ವಿಷಯ. ಸಿಗಿರಿಯ ಬಂಡೆ ಅವರಿಗೆ ಆಗುವುದಿಲ್ಲ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಕೊನೆಯಲ್ಲಿ ಬಂಡೆಗೆ ಅಂಟಿದ ಕಬ್ಬಿಣದ ಏಣಿಮೆಟ್ಟಿಲು. "ಎದುರಿನ ಪಿದುರಂಗಲ ಸುಲಭ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೆಟ್ಟಿಲು ಕಡಿಮೆ ಇರಬಹುದು, ತುದಿಯಲ್ಲಿ ಬಂಡೆಗಳ ನಡುವೆ ಕೈಯೂರಿ ತೂರಿಕೊಂಡು ಹತ್ತಬೇಕು. ದಂಬುಲ್ಲದ ಗುಹೆ ದೇವಾಲಯಕ್ಕೂ ಹತ್ತುವುದಿದೆ. ನೀವು, ಮಕ್ಕಳು ಬಾಗಿಲು ತೆರೆಯುವ ಹೊತ್ತಿಗೇ ಸಿಗಿರಿಯ ಹತ್ತಿ ಬನ್ನಿ. ಬಿಸಿಲೇರಿದ ಮೇಲೆ ಬಂಡೆ ಕಾದ ಹೆಂಚಿನ ಹಾಗಾಗುತ್ತದೆ. ಅತ್ತೆಯವರು ಅವತ್ತು ಬೆಳಿಗ್ಗೆ ಕೋಣೆಯಲ್ಲಿ ನಿಧಾನವಾಗಿ ಸ್ನಾನ, ತಿಂಡಿ ಮಾಡಲಿ. ಅವರಿಗೆ ಪೊಲೊನ್ನರುವ ತೋರಿಸಿ. ಅದು ಬಹುತೇಕ ಸಮತಟ್ಟು, ಗುಡಿಯಿಂದ ಗುಡಿಗೆ ವ್ಯಾನಿನಲ್ಲೇ ಹೋಗಬಹುದು. ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮಲಗಿದ ಬುದ್ಧನಿದ್ದಾನೆ, 14 ಮೀಟರ್ ಉದ್ದ. ಹತ್ತಿರ ನಿಂತು ನೋಡಿ. ತಲೆಯ ಭಾರಕ್ಕೆ ದಿಂಬು ಸ್ವಲ್ಪ ತಗ್ಗಿದ ಹಾಗೆ ಕಡೆದಿದ್ದಾರೆ. ಕಲ್ಲಿನ ದಿಂಬು ಅದು!

ಟಿಕೆಟ್ ಕೊಳ್ಳುವಾಗ ಪಾಸ್‌ಪೋರ್ಟ್ ಕೈಯಲ್ಲಿರಲಿ. ಸಿಗಿರಿಯ, ಪೊಲೊನ್ನರುವದಂಥ ಜಾಗಗಳಲ್ಲಿ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಬೇರೆ ವಿದೇಶಿಯರಿಗಿಂತ ಕಡಿಮೆ ದರ. ತೋರಿಸದಿದ್ದರೆ ಪೂರ್ತಿ ಡಾಲರ್ ದರ ಕಟ್ಟಬೇಕಾದೀತು. ಬುದ್ಧನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವುದು ಅಲ್ಲಿ ಬಹಳ ಅಗೌರವ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ತ್ರಿಂಕೋಮಲಿಯಲ್ಲಿ ಅತ್ತೆಯವರಿಗೆ ಇಷ್ಟವಾಗುವುದು ಕೋಣೇಶ್ವರಂ ಅಂತ ನನ್ನ ಅಂದಾಜು. ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ ಶಿವನ ಗುಡಿ. ಹಳೆಯ ಗುಡಿಯನ್ನು 1620ರ ದಶಕದಲ್ಲಿ ಪೋರ್ಚುಗೀಸರು ಕೆಡವಿದ್ದರು, ಈಗಿನದು ಆಮೇಲೆ ಕಟ್ಟಿದ್ದು. ಹೋಗುವ ದಾರಿ ಹಳೆಯ ಕೋಟೆಯೊಳಗಿಂದ, ಅಲ್ಲಿ ಚುಕ್ಕೆ ಜಿಂಕೆಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ. ನುವರ ಎಲಿಯದ ಹತ್ತಿರ ಸೀತಾ ಎಲಿಯದಲ್ಲಿ ಸೀತಾ ಅಮ್ಮನ್ ಗುಡಿ ಇದೆ. ಅಶೋಕವನ ಅಲ್ಲೇ ಇತ್ತು ಅನ್ನುವುದು ನಂಬಿಕೆ. ಪಕ್ಕದಲ್ಲೇ ಹಳ್ಳ ಹರಿಯುತ್ತದೆ, ರಸ್ತೆಗೆ ಅಂಟಿಕೊಂಡೇ ಇರುವ ಗುಡಿ.

ಮಕ್ಕಳಿಗೆ ಕಡಲು ಅಂದರೆ ಹುಚ್ಚು, ಅಲ್ವಾ? ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನೋಡಲು ಶಾಂತವಾಗಿರುವ ತೀರದಲ್ಲೂ ಒಳಗೆ ಎಳೆಯುವ ಸೆಳೆತ ಇರುತ್ತದೆ. ಹೋಟೆಲಿನವರು ಎಲ್ಲಿ ಇಳಿಯಬಹುದು ಅನ್ನುತ್ತಾರೋ ಅಲ್ಲೇ ಇಳಿಯಿರಿ. ಮಗುವಿನ ಜೊತೆ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಇರಲೇಬೇಕು. ಈಜು ಬಾರದವರಿಗೆ ನಿಲಾವೆಲಿಗಿಂತ ಪಾಸಿಕುಡಾ ವಾಸಿ. ಬಹಳ ದೂರದವರೆಗೆ ನೀರು ಸೊಂಟದ ಮೇಲೆ ಬರುವುದಿಲ್ಲ. ಆದರೆ ಅದು ಇನ್ನೂ ದಕ್ಷಿಣಕ್ಕಿದೆ, ಕೋಣೇಶ್ವರಂ ತಪ್ಪಿಹೋಗುತ್ತದೆ.

ರೈಲು. ಕ್ಯಾಂಡಿಯಿಂದ ‘ಎಲ್ಲಾ’ ಎಂಬ ಊರಿಗೆ ಚಹಾ ತೋಟಗಳ ನಡುವೆ ಹೋಗುವ ರೈಲನ್ನು ಎಲ್ಲರೂ ಕೇಳುತ್ತಾರೆ. ಪೂರ್ತಿ ದಾರಿ ಆರೇಳು ಗಂಟೆ, ತಡವಾದರೆ ಇನ್ನೂ ಜಾಸ್ತಿ. ಕಾಯ್ದಿರಿಸಿದ ಸೀಟು 30 ದಿನ ಮೊದಲು ತೆರೆಯುತ್ತದೆ, ಆ ಬೆಳಿಗ್ಗೆಯೇ ಮುಗಿದುಹೋಗುತ್ತದೆ. ಸೀಟಿಲ್ಲದೆ ಹತ್ತಿದರೆ ಅತ್ತೆಯವರು ನಿಂತೇ ಹೋಗಬೇಕಾದೀತು. ಸೀಟು ಸಿಕ್ಕರೆ ಕ್ಯಾಂಡಿಯಿಂದ ‘ನಾನು ಓಯ’ ಎಂಬ ನಿಲ್ದಾಣದವರೆಗೆ ಮಾತ್ರ ಹೋಗಿ. ನುವರ ಎಲಿಯಕ್ಕೆ ಇಳಿಯುವ ನಿಲ್ದಾಣ ಅದೇ, ನಾಲ್ಕು ಗಂಟೆಯ ಹಾದಿ. ವ್ಯಾನು ಸಾಮಾನು ಹೊತ್ತು ಅಲ್ಲಿಗೆ ಬರಲಿ. ಕಿಟಕಿ ತೆರೆಯುವ ಎರಡನೇ ದರ್ಜೆಯೇ ಚೆನ್ನ, ಎಸಿ ಬೋಗಿಯ ಗಾಜು ತೆರೆಯುವುದಿಲ್ಲ. ದಿತ್ವಾ ನಂತರ ಈ ಹಳಿಯ ದುರಸ್ತಿ ದೊಡ್ಡ ಕೆಲಸವಾಗಿದೆ. ನಿಮ್ಮ ತಾರೀಖಿಗೆ ಯಾವ ಭಾಗ ಓಡುತ್ತಿದೆ ಅಂತ ಶ್ರೀಲಂಕಾ ರೈಲ್ವೆಯ ಜಾಲತಾಣದಲ್ಲಿ ನೋಡಿಯೇ ದಾರಿ ಕಟ್ಟಿ. ಬಾಗಿಲಲ್ಲಿ ಜೋತುಬಿದ್ದು ಫೋಟೊ ತೆಗೆಯಲು ಹೋಗಿ ಬಿದ್ದವರಿದ್ದಾರೆ. ನಿಮ್ಮ 12 ವರ್ಷದವರಿಗೆ ಇದನ್ನು ಹೇಳಿ.

ಊಟ. "ಅನ್ನ, ತೆಂಗಿನಕಾಯಿ, ನಮ್ಮ ಊಟದ ಹಾಗೇ" ಅನ್ನುವುದು ಅರ್ಧ ನಿಜ. ಬೆಳಿಗ್ಗೆ ತಟ್ಟೆಗೆ ಒತ್ತು ಶ್ಯಾವಿಗೆ, ಬೇಳೆ ಪಲ್ಯದಂಥ ಪರಿಪ್ಪು, ಕೆಂಪಗಿನ ಕಾಯಿ ಚಟ್ನಿ ಬರುತ್ತದೆ. ಆ ಚಟ್ನಿಯ ಹೆಸರು ಪೊಲ್ ಸಂಬೋಲ್. ಅದರೊಳಗೆ ಕಡ್ಡಿಚೂರಿನ ಹಾಗೆ ಕಂದು ಬಣ್ಣದ ಪುಡಿ ಇರುತ್ತದೆ. ಅದು ಉಂಬಲಕಡ, ಒಣಗಿಸಿದ ಮೀನು. ತರಕಾರಿ ಪಲ್ಯಕ್ಕೂ ಒಗ್ಗರಣೆಯ ಹಾಗೆ ಹಾಕುತ್ತಾರೆ. ಅವರ ಲೆಕ್ಕದಲ್ಲಿ ಅದು ಮಸಾಲೆ. ಹಾಗಾಗಿ "ವೆಜ್" ಅಂದರೆ ಸಾಲದು. "ಮಸ್ ಎಪಾ, ಮಾಳು ಎಪಾ, ಬಿತ್ತರ ಎಪಾ, ಉಂಬಲಕಡ ಎಪಾ" ಅನ್ನಿ. ಮಾಂಸ, ಮೀನು, ಮೊಟ್ಟೆ, ಒಣಮೀನು ಬೇಡ ಅಂತ. ತ್ರಿಂಕೋಮಲಿ ಕಡೆ ತಮಿಳು ನಡೆಯುತ್ತದೆ, ಸೈವ, ಅಂದರೆ ಸಸ್ಯಾಹಾರಿ, ಹೋಟೆಲುಗಳಲ್ಲಿ ದೋಸೆ, ಇಡ್ಲಿ ನಿಶ್ಚಿಂತೆಯಿಂದ ತಿನ್ನಬಹುದು. ಎಮ್ಮೆ ಮೊಸರನ್ನು ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಹಾಕಿ ರಸ್ತೆ ಬದಿಯಲ್ಲಿ ಮಾರುತ್ತಾರೆ. ಅದರ ಮೇಲೆ ಕಿತುಲ್ ಪಾಕ ಸುರಿದು ಕೊಡುತ್ತಾರೆ. ಕಿತುಲ್ ಅಂದರೆ ನಮ್ಮ ಮಲೆನಾಡಿನ ಬೈನೆ ಮರವೇ. ಅತ್ತೆಯವರಿಗೆ ಅದು ಖಂಡಿತ ಹಿಡಿಸುತ್ತದೆ.

ಇನ್ನು ಗಾಡಿ. ಐದು ಜನ, ಐದು ಪೆಟ್ಟಿಗೆಗೆ ಕಾರು ಸಾಲದು. ಅಲ್ಲಿನವರು ‘ಕೆಡಿಎಚ್’ ಅನ್ನುವ ಎತ್ತರದ ವ್ಯಾನ್ ಕೇಳಿ. ಅತ್ತೆಯವರಿಗೆ ಹತ್ತಲು ಚಿಕ್ಕ ಸ್ಟೂಲು ಇಟ್ಟುಕೊಳ್ಳಲು ಡ್ರೈವರಿಗೆ ಹೇಳಿ, ಇಲ್ಲ ಅನ್ನುವುದಿಲ್ಲ. ಡ್ರೈವರಿನ ಊಟ, ವಸತಿ, ಹೆದ್ದಾರಿ ಶುಲ್ಕ ದರದಲ್ಲಿ ಸೇರಿದೆಯೇ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಅವರು ಮಸಾಲೆ ತೋಟಕ್ಕೋ ರತ್ನದ ಅಂಗಡಿಗೋ ಕರೆದುಕೊಂಡು ಹೋದರೆ ಅಲ್ಲಿ ಅವರಿಗೆ ಕಮಿಷನ್ ಇರುತ್ತದೆ. ಬೇಡ ಅಂತ ಮೊದಲ ದಿನವೇ ನಯವಾಗಿ ಹೇಳಿದರೆ ಮುಗಿಯಿತು.

ಇಟಿಎ ಅನ್ನುವ ಪ್ರವೇಶದ ಅನುಮತಿಗೆ ಶ್ರೀಲಂಕಾ ಸರ್ಕಾರದ ಜಾಲತಾಣವನ್ನೇ ಬಳಸಿ. ಅದರ ಹೆಸರು ಹೋಲುವ ಖಾಸಗಿ ತಾಣಗಳು ಜಾಸ್ತಿ ಹಣ ಕೀಳುತ್ತವೆ. ಭಾರತೀಯರಿಗೆ ಶುಲ್ಕದ ನಿಯಮ ಈಚೆಗೆ ಹಲವು ಸಲ ಬದಲಾಗಿದೆ, ಅದಕ್ಕೆ ಟಿಕೆಟ್ ತೆಗೆಯುವಾಗ ಒಮ್ಮೆ, ಹೊರಡುವ ಮೊದಲು ಇನ್ನೊಮ್ಮೆ ನೋಡಿ. ಯುಪಿಐ 2024ರಿಂದ ಅಲ್ಲಿ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಅದನ್ನೇ ನಂಬಿ ಹೋಗಬೇಡಿ. ಅತ್ತೆಯವರ ಮಾತ್ರೆಗಳನ್ನು ಚೀಟಿಯ ಸಮೇತ ಕೈಚೀಲದಲ್ಲೇ ಇಡಿ. ಐದೂ ಜನಕ್ಕೆ ಪ್ರಯಾಣ ವಿಮೆ ಮಾಡಿಸಿ.

ಮೊದಲು ಯಜಮಾನರ ಜೊತೆ ಕೂತು ದಸರೆಯೋ ಬೇಸಿಗೆಯೋ ತೀರ್ಮಾನಿಸಿ. ತಾರೀಖು ಗೊತ್ತಾದ ಮೇಲೆ ನನಗೆ ಬರೆಯಿರಿ. ಆ ವಾರದಲ್ಲಿ ಹುಣ್ಣಿಮೆ ಬರುತ್ತದೆಯೇ ನೋಡಿ ಹೇಳುತ್ತೇನೆ. ಹುಣ್ಣಿಮೆಯನ್ನು ಅಲ್ಲಿ ಪೋಯ ಅನ್ನುತ್ತಾರೆ, ಸರ್ಕಾರಿ ರಜೆ, ಗುಡಿಗಳಲ್ಲಿ ಜಾತ್ರೆಯ ಜನ. ಮೇ ತಿಂಗಳ ವೆಸಾಕ್ ಹುಣ್ಣಿಮೆ ಸಿಕ್ಕರೆ ನಿಮ್ಮ ಅದೃಷ್ಟ. ಬೀದಿಯ ತುಂಬ ಕಾಗದದ ಗೂಡುದೀಪ ಕಟ್ಟಿರುತ್ತಾರೆ. ದಾರಿಯಲ್ಲಿ ಹೋಗುವ ಗಾಡಿಗಳನ್ನೆಲ್ಲ ಕೈ ಅಡ್ಡ ಹಿಡಿದು ನಿಲ್ಲಿಸಿ ಅನ್ನ, ಶರಬತ್ತು ಕೊಡುತ್ತಾರೆ. ಆ ಚಪ್ಪರಕ್ಕೆ ದನ್ಸಲ್ ಅಂತ ಹೆಸರು, ನಮ್ಮ ದಾನಶಾಲೆ ಅನ್ನುವ ಮಾತೇ ಅದು. ನಿಲ್ಲಿಸಿದರೆ ಇಳಿಯಿರಿ. ಪಲ್ಯದಲ್ಲಿ ಉಂಬಲಕಡ ಇದೆಯಾ ಅಂತ ಮಾತ್ರ ಕೇಳಿಕೊಳ್ಳಿ.